ಜಯಶೀಲಣ್ಣ ಲಿಫ್ಟ್ ಬಿಟ್ಟದ್ದು

ಡೊಂಬಿವಲಿ ಪೂರ್ವದ ನಮ್ಮ ಸಾಗರ ಛಾಯಾ ಸೊಸೈಟಿಯಲ್ಲಿ ಏಳು ಮಾಳಿಗೆ, ಇಪ್ಪತ್ತೆಂಟು ಮನೆ, ಒಂದು ಲಿಫ್ಟ್ ಮತ್ತು ಒಬ್ಬರು ಜಯಶೀಲ ಕುಂದರ್ ಇದ್ದಾರೆ. ಇವುಗಳ ಪೈಕಿ ಆಗಾಗ ಸುಮ್ಮನಿರುವುದು ಲಿಫ್ಟ್ ಒಂದೇ.

ಜಯಶೀಲಣ್ಣ ಇಲ್ಲಿಯ ಎಮ್‌ಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಬಾಯ್ಲರ್ ನೋಡಿಕೊಂಡಿದ್ದವರು. 'ನೋಡಿಕೊಂಡಿದ್ದವರು' ಎಂದರೆ ಅವರಿಗೆ ಸಿಟ್ಟು ಬರುತ್ತದೆ. ನೋಡಿಕೊಳ್ಳಲು ಅದೇನು ಹಸುವೇ? ಅವರು ಅದರ ದಕ್ಷತೆಯನ್ನು ಲೆಕ್ಕ ಹಾಕುತ್ತಿದ್ದರು. ಯಂತ್ರದ ಒಳಗೆ ಹೋದ ಶಕ್ತಿ ಎಷ್ಟು, ಅದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದೆಷ್ಟು? ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಆಗ ಬರುವ ಅಂಕಿಗಿಂತ ದೊಡ್ಡ ಸತ್ಯ ಲೋಕದಲ್ಲಿ ಇನ್ನೊಂದಿಲ್ಲ ಎಂಬುದು ಅವರ ನಂಬಿಕೆ. ಅವರು ಸೇರಿದಾಗ ಎಪ್ಪತ್ತೆಂಟು ಇದ್ದ ಬಾಯ್ಲರಿನ ದಕ್ಷತೆ ನಿವೃತ್ತಿಯ ಹೊತ್ತಿಗೆ ಎಂಬತ್ತೊಂದಾಗಿತ್ತು. ಆ ಏರಿಕೆಯ ನಕ್ಷೆಗೆ ಕಟ್ಟು ಹಾಕಿಸಿ ಏಳನೆಯ ಮಾಳಿಗೆಯ ತಮ್ಮ ಮನೆಯ ದೇವರ ಪಟಗಳ ಸಾಲಿನಲ್ಲೇ ತೂಗಿಸಿದ್ದಾರೆ. ಒಮ್ಮೆ ಸತ್ಯನಾರಾಯಣ ಪೂಜೆಗೆ ಬಂದ ಹೊಸ ಭಟ್ಟರು ಸಾಲಿನ ಎಲ್ಲ ಪಟಗಳಿಗೂ ಕುಂಕುಮ ಹಚ್ಚುತ್ತ ಹೋಗಿ ನಕ್ಷೆಗೂ ಹಚ್ಚಿಬಿಟ್ಟರು. ಜಯಶೀಲಣ್ಣ ಒರೆಸಲಿಲ್ಲ.

ನಿವೃತ್ತಿಯಾದ ಮೇಲೆ ಬಾಯ್ಲರ್ ಇಲ್ಲ, ಆದರೆ ಲೆಕ್ಕದ ಹಸಿವು ಹಾಗೇ ಉಳಿಯಿತು. ಮೊದಲು ಕುಕ್ಕರನ್ನು ಹಿಡಿದರು. ಆಮೇಲೆ ಮಿಕ್ಸರ್, ಫ್ರಿಜ್ಜು, ಫ್ಯಾನು. ಒಂದು ದಿನ ಅವರು ಕೈಯಲ್ಲಿ ಥರ್ಮಾಮೀಟರು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಹೆಂಡತಿ ವಿನೋದಕ್ಕ ಸೌಟು ಎತ್ತಿದರು.

"ಮೆಷಿನು ಎಲ್ಲ ಮುಗಿದು ಇನ್ನು ನನ್ನನ್ನು ಅಳೆಯುವುದಾ? ಹೊರಗೆ ಹೋಗಿ ಮಾರ್ರೆ, ಡೊಂಬಿವಲಿಯಲ್ಲಿ ಬೇರೆ ಮೆಷಿನ್ ಇಲ್ವಾ?"

ಜಯಶೀಲಣ್ಣ ಹೊರಗೆ ಬಂದರು. ಎದುರಿಗೆ ಲಿಫ್ಟ್ ಇತ್ತು.

ಹಾಗೆ ನೋಡಿದರೆ ತಪ್ಪು ಸೆಕ್ರೆಟರಿ ವಾಸು ಅವರದು. ಠಾಣೆಯ ಒಂದು ಆಫೀಸಿನಲ್ಲಿ ಕೆಲಸ ಮಾಡುವ ವಾಸು ಸೊಸೈಟಿಯ ಮುಂದಿನ ಸಭೆಯ ನೋಟಿಸಿನಲ್ಲಿ 'ಹಳೆಯ ಲಿಫ್ಟ್ ವಿಪರೀತ ಕರೆಂಟ್ ತಿನ್ನುವುದರಿಂದ ತೆಗೆದು ಹೊಸದು ಹಾಕುವ ಬಗ್ಗೆ' ಎಂದು ಬರೆದಿದ್ದರು. ಅಳೆಯದೆ ಒಂದು ಯಂತ್ರದ ಮೇಲೆ ಅಪವಾದ ಹೊರಿಸುವುದೆಂದರೇನು? ಜಯಶೀಲಣ್ಣ ಲಿಫ್ಟಿನ ವಕಾಲತ್ತು ವಹಿಸಿದರು.

ವಿನೋದಕ್ಕನ ಅಣ್ಣ ಪೂವಪ್ಪ ನಮ್ಮ ಬಿಲ್ಡಿಂಗಿನ ಐದನೆಯ ಮಾಳಿಗೆಯಲ್ಲೇ ಇದ್ದಾರೆ. ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ಸರಕು ತೂಗಿಸುವುದು ಅವರ ಕೆಲಸ. ಅಲ್ಲಿ ಮೂಲೆಗೆ ಬಿದ್ದಿದ್ದ, ಮೇಲೆ ಹತ್ತಿ ನಿಲ್ಲುವಂಥ ಒಂದು ಹಳೆಯ ತಕ್ಕಡಿಯನ್ನು ಅವರು ಬಾವನಿಗಾಗಿ ಟೆಂಪೋದಲ್ಲಿ ಹಾಕಿಸಿ ತಂದರು. ಜೂನ್ ಎರಡನೆಯ ವಾರ, ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಕೆಳಗೆ ಲಿಫ್ಟಿನ ಬಾಗಿಲಲ್ಲಿ ಒಂದು ಕುರ್ಚಿ, ಪಕ್ಕದಲ್ಲಿ ತಕ್ಕಡಿ, ಕುರ್ಚಿಯಲ್ಲಿ ಜಯಶೀಲಣ್ಣ, ತೊಡೆಯ ಮೇಲೆ ಉದ್ದನೆಯ ನೋಟ್‌ಬುಕ್ ಸ್ಥಾಪಿತವಾದವು. ಮೇಲೆ ಹೋಗುವ ಪ್ರತಿಯೊಬ್ಬರೂ ಕೈಯಲ್ಲಿರುವ ಸಾಮಾನಿನ ಸಮೇತ ತೂಗಿಕೊಂಡು, ಎಷ್ಟನೆಯ ಮಾಳಿಗೆ ಎಂದು ಹೇಳಿ ಹೋಗಬೇಕು. ಎಷ್ಟು ತೂಕ ಎಷ್ಟು ಎತ್ತರಕ್ಕೆ ಏರಿತು ಎಂಬುದು ಕೆಲಸ. ಲಿಫ್ಟಿನ ಮೀಟರು ಎಷ್ಟು ತಿರುಗಿತು ಎಂಬುದು ಖರ್ಚು. ಇಳಿಯುವವರನ್ನು ಅವರು ಬರೆಯಲಿಲ್ಲ. "ಏರುವುದು ಕೆಲಸ. ಇಳಿಯುವುದು ಎಲ್ಲದರ ಸ್ವಭಾವ," ಎಂದರು.

ಆರನೆಯ ಮಾಳಿಗೆಯ ದಾನಮ್ಮ ಬಾಗಲಕೋಟೆ ಕಡೆಯವರು. ತರಕಾರಿ ಚೀಲ ಹಿಡಿದು ಬಂದವರು ತಕ್ಕಡಿಯನ್ನು ನೋಡಿ ಅಲ್ಲೇ ನಿಂತರು.

"ಏನ್ರೀ ಕುಂದರ್ ಅವರ, ಇದು ಮನಿಗೆ ಹೋಗೋ ಲಿಫ್ಟೋ, ದುಬೈಗೆ ಹೋಗೋ ಇಮಾನೋ?"

"ತೂಕ ಹೇಳಿ ಸಾಕು ದಾನಮ್ಮ, ಹತ್ತಬೇಕು ಅಂತ ಇಲ್ಲ."

"ಕಟ್ಕೊಂಡ ಗಂಡಗ ಹೇಳಿಲ್ಲ ನಾ ತೂಕ, ನಿಮಗ ಹೇಳ್ತೀನೇನ್ರೀ?"

ಜಯಶೀಲಣ್ಣ ಏನನ್ನೋ ಬರೆದುಕೊಂಡರು. ದಾನಮ್ಮ ಬಗ್ಗಿ ನೋಡಿದರು. 'ಅಂದಾಜು 78' ಎಂದಿತ್ತು. "ಎಪ್ಪತ್ತೆಂಟs? ಕಣ್ಣೇನ್ ಮಾರ್ಕೊಂಡೀರೇನ್ರೀ?" ಎಂದು ಚೀಲವನ್ನು ನೆಲಕ್ಕಿಟ್ಟು, ಅವರ ಸುಳ್ಳನ್ನು ಬಯಲು ಮಾಡುವುದಕ್ಕಾಗಿಯೇ ದಡದಡನೆ ತಕ್ಕಡಿ ಹತ್ತಿದರು. ಮುಳ್ಳು ಎಂಬತ್ತೊಂದಕ್ಕೆ ಹೋಗಿ ನಿಂತಿತು. ದಾನಮ್ಮ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದರು.

ಜೂನ್ ಮೂರನೆಯ ಭಾನುವಾರ ಕಾರ್ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ನಡೆಯಿತು. ಜಯಶೀಲಣ್ಣ ಎದ್ದು ನಿಂತು, ಕನ್ನಡಕ ಒರೆಸಿ, ತೀರ್ಪು ಓದುವ ದನಿಯಲ್ಲಿ ಹೇಳಿದರು: "ನಮ್ಮ ಲಿಫ್ಟಿನ ಎಫಿಶಿಯನ್ಸಿ ಮೂವತ್ತೊಂದು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂವತ್ತೊಂದು ಒಳ್ಳೆಯದೋ ಕೆಟ್ಟದೋ ಯಾರಿಗೂ ಗೊತ್ತಿರಲಿಲ್ಲ.

"ನೂರಕ್ಕೆ ಮೂವತ್ತೊಂದಾ? ಫೇಲಲ್ವಾ ಹಾಗಾದ್ರೆ?" ಎಂದರು ವಾಸು. "ಅದಕ್ಕೇ ತೆಗೆಯುವ ಅಂತ ನಾನು ಹೇಳಿದ್ದು."

"ಲಿಫ್ಟಿಗೆ ರೋಗ ಇಲ್ಲ ವಾಸು. ರೋಗ ಹತ್ತುವವರಿಗೆ. ಒಂದನೇ ಮಾಳಿಗೆಗೂ ಲಿಫ್ಟ್. ಹಾಲಿನ ಪ್ಯಾಕೆಟಿಗೆ ಒಂದು ಟ್ರಿಪ್, ಮೊಸರಿಗೆ ಇನ್ನೊಂದು. ನೀವೆಲ್ಲ ಸ್ವಲ್ಪ ಶಿಸ್ತು ಕಲಿತರೆ ಇದೇ ಲಿಫ್ಟ್ ಇನ್ನೂ ಹತ್ತು ಜಾಸ್ತಿ ಕೊಡ್ತದೆ. ನಲವತ್ತೊಂದು!"

"ಬಾಯಲ್ಲಿ ಆದ್ರೆ ನಾನು ತೊಂಬತ್ತು ಕೊಡ್ತೇನೆ ಜಯಶೀಲಣ್ಣ. ಆಗದಿದ್ರೆ?"

"ಆಗದಿದ್ರೆ ಈ ಜನ್ಮದಲ್ಲಿ ನಾನು ಈ ಲಿಫ್ಟಿಗೆ ಕಾಲಿಡುವುದಿಲ್ಲ. ಬರೆದುಕೊಳ್ಳಿ. ಆಗಸ್ಟ್ ಹದಿನೈದರ ಒಳಗೆ."

ವಾಸು ಬರೆದುಕೊಂಡರು. ಸಭೆಯ ನಡಾವಳಿಯಲ್ಲಿ ಅದು ಏಳನೆಯ ಠರಾವು. ಹೊಸ ಲಿಫ್ಟಿನ ವಿಷಯ ಮುಂದಕ್ಕೆ ಹೋಯಿತು. ಹಿಂದಿನ ಸಾಲಿನಲ್ಲಿದ್ದ ವಿನೋದಕ್ಕ ತಲೆಗೆ ಕೈ ಹಚ್ಚಿಕೊಂಡರು. ಜಯಶೀಲಣ್ಣನ ಎಡ ಮೊಣಕಾಲು ಎರಡು ವರ್ಷದಿಂದ ಕೈಕೊಟ್ಟಿದೆ. ಮೆಟ್ಟಿಲು ಹತ್ತಲೇಬಾರದೆಂದು ಕಲ್ಯಾಣದ ಡಾಕ್ಟರು ಎಕ್ಸ್‌ರೇ ಎತ್ತಿ ತೋರಿಸಿ ಹೇಳಿದ್ದಾರೆ. ನೆಲದಿಂದ ಏಳನೆಯ ಮಾಳಿಗೆಗೆ ನೂರಿಪ್ಪತ್ತಾರು ಮೆಟ್ಟಿಲು.

"ಲಿಫ್ಟಿಂದು ಅಳೆದದ್ದು ಆಯ್ತು," ಎಂದರು ವಿನೋದಕ್ಕ ಮೇಲೆ ಹೋಗುವಾಗ. "ನಿಮ್ಮ ಮೊಣಕಾಲಿಂದು ಎಷ್ಟು ಅಂತ ಅಳೆದಿದ್ದೀರಾ?"

ಕೆಲಸ ಆರಂಭಿಸುವ ಮುನ್ನ ಯಂತ್ರವನ್ನು ಇನ್ನೊಮ್ಮೆ ಅಳೆಯುವುದು ಬಾಯ್ಲರಿನವರ ಪದ್ಧತಿ. ಜೂನ್ ಕೊನೆಯ ವಾರ ಜಯಶೀಲಣ್ಣ ಮತ್ತೆ ತೂಗಿದರು, ಗುಣಿಸಿದರು, ಭಾಗಿಸಿದರು. ಉತ್ತರ ಹದಿನೇಳು ಬಂತು.

ಕ್ಯಾಲ್ಕುಲೇಟರಿನ ಸೆಲ್ ಬದಲಾಯಿಸಿದರು. ಹದಿನೇಳು. ಕಾಗದದ ಮೇಲೆ ಬರೆದು ಕೈಯಿಂದ ಭಾಗಿಸಿದರು. ಹದಿನೇಳೂ ಚಿಲ್ಲರೆ. ಮಳೆಯ ಮೇಲೆ ಸಂಶಯ ಬಂದು ಎರಡು ದಿನ ಬಿಲ್ಡಿಂಗಿನ ಕೊಡೆಗಳನ್ನು ಒದ್ದೆಯಾಗಿರುವಾಗೊಮ್ಮೆ ಒಣಗಿದ ಮೇಲೊಮ್ಮೆ ತೂಗಿದರು. ಅಂಕಿ ಜಗ್ಗಲಿಲ್ಲ. ಎರಡು ವಾರದಲ್ಲಿ ಒಂದು ಯಂತ್ರ ಅರ್ಧಕ್ಕಿಳಿಯುವುದು ಸಾಧ್ಯವೇ ಇಲ್ಲ. ಆದ್ದರಿಂದ ಜನ ಅಷ್ಟು ಕೆಟ್ಟಿದ್ದಾರೆ ಎಂದು ತೀರ್ಮಾನಿಸಿ, ಯಾರಿಗೂ ಹೇಳದೆ, ನಿಯಮಗಳನ್ನು ಬರೆದು ಲಿಫ್ಟಿನ ಬಾಗಿಲಿಗೆ ಅಂಟಿಸಿದರು. ಮೂರನೆಯ ಮಾಳಿಗೆಯವರೆಗಿನವರು ಲಿಫ್ಟ್ ಮುಟ್ಟುವಂತಿಲ್ಲ. ಮೇಲಿನವರು ನಾಲ್ಕು ಜನ ಸೇರದೆ ಹತ್ತುವಂತಿಲ್ಲ. ಒಳಗಿನ ಫ್ಯಾನು ಬಂದ್. ದೀಪವೂ ಬಂದ್, ಏಕೆಂದರೆ ತಮ್ಮ ಮಾಳಿಗೆ ಯಾವುದೆಂದು ಕತ್ತಲಲ್ಲೂ ಎಲ್ಲರಿಗೂ ಗೊತ್ತಿರಬೇಕು.

ಹಿಟ್ಟಿನ ಚೀಲ ಹಿಡಿದ ದಾನಮ್ಮ ಇಪ್ಪತ್ತು ನಿಮಿಷ ಮೂವರು ಜೊತೆಗಾರರಿಗಾಗಿ ಕಾದರು.

"ನಾಕು ಮಂದಿ ಕೂಡಿ ಹೊತ್ಕೊಂಡ್ ಹೋಗೋದು ಒಂದಕ್ಕs ರೀ ಕುಂದರ್ ಅವರ," ಎಂದರು. "ಅದಕ್ಕಿನ್ನೂ ನಂಗ ಟೈಮ್ ಐತಿ."

ಹೀಗೆ ಕಾಯಲಾರದೆ ಜನ ಮೆಟ್ಟಿಲು ಹಿಡಿದರು. ಮೀಟರು ತಿರುಗುವುದು ಕಡಿಮೆಯಾಯಿತೆಂದು ಜಯಶೀಲಣ್ಣ ಒಂದು ದಿನ ಹಿಗ್ಗಿದರು. ಮಾರನೆಯ ದಿನ ಲೆಕ್ಕ ಹಾಕಿದರೆ ಹದಿನಾಲ್ಕು! ಯಾರೂ ಹತ್ತದಿದ್ದರೆ ಕೆಲಸವೇ ಇಲ್ಲ. ಕೆಲಸವಿಲ್ಲದೆ ದಕ್ಷತೆ ಎಲ್ಲಿಂದ? ತಕ್ಷಣ ಕುರ್ಚಿಯನ್ನು ಮೆಟ್ಟಿಲಿನ ಬುಡಕ್ಕೆ ಅಡ್ಡ ಹಾಕಿ ಕೂತು, ನಿನ್ನೆ ಲಿಫ್ಟಿನಿಂದ ಓಡಿಸಿದವರನ್ನೇ "ಬನ್ನಿ ಬನ್ನಿ, ನಾಲ್ಕನೆಯವರು ಈಗ ಬಂದ್ರು" ಎಂದು ಕೈಹಿಡಿದು ಲಿಫ್ಟಿಗೆ ತುಂಬತೊಡಗಿದರು. ಕಲ್ಯಾಣ ಲೋಕಲ್ಲಿನಲ್ಲಿ ನಿಂತು ಬಂದವರು ಇಲ್ಲಿಯೂ ಹಾಗೇ ನಿಂತು ಮೇಲೆ ಹೋದರು. ವ್ಯತ್ಯಾಸವೇನೂ ಕಾಣಲಿಲ್ಲ ಎಂದರು.

ಜುಲೈಯಲ್ಲಿ ಲಿಫ್ಟಿಗೆ ಎಣ್ಣೆ ಬಿಡಲು ಬಂದ ಮಿಸ್ತ್ರಿ ಕಶ್ಯಪ ಮಾತಿನ ನಡುವೆ ಒಂದು ಗುಟ್ಟು ಹೇಳಿದ. ಲಿಫ್ಟಿನ ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಭಾರ ತೂಗುತ್ತಿರುತ್ತದೆ. ಖಾಲಿ ಲಿಫ್ಟಿಗಿಂತ ಅದರ ತೂಕ ಹೆಚ್ಚು. ಆದ್ದರಿಂದ ಲಿಫ್ಟ್ ಖಾಲಿಯಾಗಿ ಕೆಳಗೆ ಬರುವಾಗ ಮೋಟರು ಆ ಭಾರವನ್ನು ಮೇಲೆಳೆಯಬೇಕಾಗುತ್ತದೆ, ಕರೆಂಟ್ ತಿನ್ನುತ್ತದೆ. ಇಳಿಯುವಾಗ ಒಳಗೆ ದಪ್ಪ ಆಸಾಮಿಯೊಬ್ಬ ನಿಂತಿದ್ದರೆ ಮೋಟರಿಗೆ ಸುಖ.

ಜಯಶೀಲಣ್ಣ ನೇರವಾಗಿ ಐದನೆಯ ಮಾಳಿಗೆಗೆ ಹೋದರು. ಪೂವಪ್ಪ ಬನಿಯನ್ನಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ತೂಕ ನೂರಹನ್ನೆರಡು ಕಿಲೋ, ನೋಟ್‌ಬುಕ್ಕಿನಲ್ಲಿ ದಾಖಲಾಗಿದೆ.

"ಬಾವ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು."

"ಎಂತ, ಇನ್ನೊಂದು ತಕ್ಕಡಿಯಾ?"

"ಅಲ್ಲ, ನೀವೇ."

ಪೂವಪ್ಪನವರಿಗೆ ಐವತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ಅವರ ತೂಕವನ್ನು ಹೊಗಳಿದ್ದರು. ಡಾಕ್ಟರು, ಹೆಂಡತಿ, ರಿಕ್ಷಾದವರು ಎಲ್ಲರೂ ಬೈದಿದ್ದೇ. ಈಗ ಅದೇ ತೂಕದಿಂದ ಇಡೀ ಬಿಲ್ಡಿಂಗಿಗೆ ಉಪಯೋಗ! ಕಳಂಬೋಲಿಯ ಬಸ್ಸಿಗೆ ಹೊರಡುವ ಮುನ್ನ, ಬೆಳಗಿನ ಏಳರಿಂದ ಒಂಬತ್ತರವರೆಗೆ, ಅವರು ದುಡಿಯತೊಡಗಿದರು. ಲಿಫ್ಟ್ ಜನರನ್ನು ಮೇಲೆ ಬಿಟ್ಟು ಖಾಲಿಯಾಯಿತೋ, ಪೂವಪ್ಪ ಒಳಗೆ ನಿಂತು ಗಂಭೀರವಾಗಿ ಕೆಳಗೆ ಬರುವುದು. ಲಿಫ್ಟಿನಲ್ಲೇ ವಾಪಸ್ ಮೇಲೆ ಹೋದರೆ ಮಾಡಿದ ಪುಣ್ಯವೆಲ್ಲ ಹಾಳು. ಆದ್ದರಿಂದ ಮೆಟ್ಟಿಲು ಹತ್ತಿ ಹೋಗುವುದು, ಮತ್ತೆ ಲಿಫ್ಟಿನಲ್ಲಿ ಇಳಿಯುವುದು. ದಿನಕ್ಕೆ ಐದು ಸಲ.

ಎರಡು ವಾರದಲ್ಲಿ ಅಂಕಿ ಇಪ್ಪತ್ತೇಳಕ್ಕೆ ಏರಿತು. ಜಯಶೀಲಣ್ಣ ನಕ್ಷೆ ಬರೆಯಲು ಕಾಗದ ತಂದರು. ಆಮೇಲೆ ಇಪ್ಪತ್ತಾರು. ಆಮೇಲೆ ಇಪ್ಪತ್ತೈದು. ಸಂಶಯ ಬಂದು ಪೂವಪ್ಪನನ್ನು ತಕ್ಕಡಿ ಹತ್ತಿಸಿದರೆ, ನೂರಹನ್ನೆರಡು ಇದ್ದವರು ನೂರಮೂರಕ್ಕೆ ಇಳಿದಿದ್ದರು! ಮೆಟ್ಟಿಲು ಹತ್ತಿ ಹತ್ತಿ ಇಂಧನ ಕರಗಿ ಹೋಗುತ್ತಿತ್ತು.

ಮನೆಯ ಯಜಮಾನನ ಮೊಣಕಾಲು ಈ ತೂಕದ ಮೇಲೆ ನಿಂತಿದೆ ಎಂದು ವಿನೋದಕ್ಕನಿಗೂ ಈಗ ಅರ್ಥವಾಗಿತ್ತು. ಅಣ್ಣನನ್ನು ದಿನಾ ಬೆಳಿಗ್ಗೆ ಏಳನೆಯ ಮಾಳಿಗೆಗೆ ಕರೆದು ನೀರುದೋಸೆಯ ಮೇಲೆ ತುಪ್ಪ ಸುರಿದರು. "ಇನ್ನೊಂದು ತಿನ್ನಣ್ಣ, ನನ್ನ ಮುಖ ನೋಡಿಯಾದ್ರೂ." ಪೂವಪ್ಪ ಅವರ ಮುಖ ನೋಡಿ ಒಂಬತ್ತು ತಿಂದರು. ಸುದ್ದಿ ಐದನೆಯ ಮಾಳಿಗೆಗೆ ಇಳಿಯಿತು. ಪೂವಪ್ಪನ ಹೆಂಡತಿ ನಳಿನಾಕ್ಷಿ ನೇರವಾಗಿ ಲಿಫ್ಟಿನ ಬಾಗಿಲಿಗೇ ಬಂದರು.

"ಇಪ್ಪತ್ತು ವರ್ಷದಿಂದ ಡಾಕ್ಟರ ಕೈಯಲ್ಲಿ ಆಗದ್ದು ಈ ಲಿಫ್ಟ್ ಮಾಡಿತು ಬಾವ. ಇವರ ಶುಗರ್ ಇಳಿದುಂಟು. ಪ್ಯಾಂಟ್ ಸಡಿಲ ಆಗಿಯುಂಟು. ಇನ್ನು ಯಾರಾದ್ರೂ ನನ್ನ ಗಂಡನ ದೋಸೆಗೆ ತುಪ್ಪ ಹಾಕಿದ್ರೆ ನೋಡಿ ಮತ್ತೆ!"

"ಹಾಗಾದ್ರೆ ಎರಡು ಕಬ್ಬಿಣದ ತೂಕದಕಲ್ಲು ತಂದು ಲಿಫ್ಟಿನೊಳಗೆ ಇಡುವ," ಎಂದರು ಪೂವಪ್ಪ, ಇಬ್ಬರಿಗೂ ನೋವಾಗದಂತೆ.

"ಅದು ಮೇಲೆ ಹೋಗುವಾಗ್ಲೂ ಒಳಗೇ ಇರ್ತದಲ್ವಾ ಬಾವ," ಎಂದರು ಜಯಶೀಲಣ್ಣ ದುಃಖದಿಂದ. "ತಾನಾಗಿ ಮೆಟ್ಟಿಲು ಹತ್ತಿ ಬರುವ ತೂಕ ನೀವು ಒಬ್ಬರೇ."

ಪೂವಪ್ಪ ದಿನಕ್ಕೆ ಐದರ ಬದಲು ಎಂಟು ಸಲ ಇಳಿಯತೊಡಗಿದ ಮೇಲೆ ಅಂಕಿ ಇಪ್ಪತ್ತೆಂಟಕ್ಕೆ ಬಂದು ನಿಂತಿತು. ಆಗಸ್ಟ್ ಮೊದಲ ಭಾನುವಾರ ಜಯಶೀಲಣ್ಣನ ಮಗಳು ಅನುಷ್ಕಾ ನೋಟ್‌ಬುಕ್ ತೆರೆದಳು. ಐರೋಲಿಯ ಒಂದು ಕಂಪನಿಯಲ್ಲಿ ಅಂಕಿಗಳ ಜೊತೆಗೇ ಕೆಲಸ ಮಾಡುವ ಹುಡುಗಿ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುವುದು ಅವಳ ಪದ್ಧತಿ. ಜೂನ್ ಎರಡನೆಯ ವಾರದ ಪುಟಗಳ ಮೇಲೆ ಬೆರಳಾಡಿಸುತ್ತ ಹೋದವಳು ಜೋರಾಗಿ ನಕ್ಕಳು.

"ಪಪ್ಪಾ, ಯೇ ದೇಖೋ. ಕುಚ್ಚಲಕ್ಕಿ ಮೂಟೆ ಪಚಾಸ್ ಕಿಲೋ. ನಾರಿಯಲ್ ಸಾಠ್ ಕಿಲೋ. ಹಲಸಿನಹಣ್ಣು ದೋ, ಇಕ್ಕೀಸ್ ಕಿಲೋ. ಹರ್ ಪೇಜ್ ಪೇ ಯಹೀ ಹೈ!"

ಆ ವಾರ ಇಡೀ ಬಿಲ್ಡಿಂಗು ಮೇ ರಜೆ ಮುಗಿಸಿ ಊರಿನಿಂದ ಹಿಂತಿರುಗಿತ್ತು. ಉಡುಪಿ, ಕಾಪು, ಮುಲ್ಕಿ ಎಂದು ಹೋದವರು ಬಸ್ಸಿನ ಹೊಟ್ಟೆಯಲ್ಲಿ ವರ್ಷಕ್ಕಾಗುವ ಅಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ, ಉಪ್ಪಿನಕಾಯಿ ಭರಣಿಗಳನ್ನು ತುಂಬಿಕೊಂಡು ಬಂದಿದ್ದರು. ಲಿಫ್ಟ್ ಏಳು ದಿನ ಬಾಗಿಲವರೆಗೆ ತುಂಬಿ ಮೇಲೆ ಹೋಗಿತ್ತು. ವರ್ಷದಲ್ಲಿ ಒಂದೇ ಒಂದು ವಾರ ಮಾತ್ರ ನಮ್ಮ ಲಿಫ್ಟ್ ಅಷ್ಟು ದಕ್ಷವಾಗಿರುತ್ತದೆ. ಜಯಶೀಲಣ್ಣ ಹುಡುಕಿ ಅದೇ ವಾರ ಅಳೆದಿದ್ದರು. ಅದರಲ್ಲಿ ಅವರ ಸ್ವಂತ ಮನೆಯ ನಲವತ್ತು ಕಿಲೋ ತೆಂಗಿನಕಾಯಿಯೂ ಇತ್ತು.

"ನಾರ್ಮಲ್ ತೋ ಸತ್ರಾ ಹೈ, ಇಕ್ತೀಸ್ ನಹೀ," ಎಂದಳು ಅನುಷ್ಕಾ. "ಅಭೀ ಅಟ್ಠಾಯೀಸ್ ಹುವಾ ನಾ? ಗ್ಯಾರಹ್ ಬಢಾ. ದಸ್ ಬೋಲಾ ಥಾ ಆಪ್‌ನೇ. ಪಪ್ಪಾ, ಆಪ್ ತೋ ಜೀತ್ ಗಯೇ! ಬಸ್ ಬೋಲ್ ದೋ ಕಿ ಜೂನ್ ವಾಲಾ ಗಲತ್ ಥಾ."

ಹದಿನೇಳು ಇದ್ದದ್ದು ಇಪ್ಪತ್ತೆಂಟಾಗಿದೆ; ಹೇಳಿದ ಹತ್ತಕ್ಕಿಂತ ಒಂದು ಹೆಚ್ಚೇ ಏರಿದೆ. ಜೂನಿನ ಅಂಕಿ ತಪ್ಪು ಎಂಬ ಒಂದೇ ಮಾತಿಗೆ ಲಿಫ್ಟ್ ಅವರದಾಗುತ್ತಿತ್ತು. ಜಯಶೀಲಣ್ಣ ನೋಟ್‌ಬುಕ್ ಮುಚ್ಚಿದರು.

"ಮೂವತ್ತನಾಲ್ಕು ವರ್ಷ ನನ್ನ ಲಾಗ್‌ಬುಕ್ಕಿನಲ್ಲಿ ಒಂದು ಅಂಕಿ ಹೊಡೆದು ಹಾಕಿದ್ದಿಲ್ಲ. ತಪ್ಪು ಅಂತ ನಾನು ಹೇಳುವುದಾ? ಅದೂ ಆ ವಾಸುವಿನ ಎದುರು?"

"ತೋ ಆಪ್‌ಕಾ ಘುಟ್ನಾ?"

"ಮೊಣಕಾಲು ನನ್ನ ಸ್ವಂತದ್ದು. ಅಂಕಿ ಸಾರ್ವಜನಿಕರದ್ದು."

ಆಗಸ್ಟ್ ಹದಿನೈದರಂದು ಧ್ವಜ ಹಾರಿಸಿ, ಜಿಲೇಬಿ ಹಂಚಿದ ಮೇಲೆ ಜಯಶೀಲಣ್ಣ ಎಲ್ಲರೆದುರು ಓದಿದರು. "ಮೊದಲಿದ್ದದ್ದು ಮೂವತ್ತೊಂದು. ಹೇಳಿದ್ದು ನಲವತ್ತೊಂದು. ಬಂದದ್ದು ಇಪ್ಪತ್ತೆಂಟು." ವಾಸುವಿಗೆ ಕನಿಕರವಾಯಿತು. ಅವರು ಕೆಟ್ಟವರಲ್ಲ, ಬರೀ ಸೆಕ್ರೆಟರಿ.

"ಜಯಶೀಲಣ್ಣ, ಮೊದಲಿನದ್ದರಲ್ಲಿ ಎಲ್ಲಿಯಾದ್ರೂ ಹೆಚ್ಚುಕಡಿಮೆ ಆಗಿರ್ಬಹುದಾ? ನೋಡಿ, ನಾವು ತಿದ್ದಿಕೊಳ್ಳುವ."

"ನನ್ನ ಅಂಕಿ ಸರಿ ಉಂಟು," ಎಂದು ಜಯಶೀಲಣ್ಣ ಪ್ಯಾಂಟಿನ ಕಾಲನ್ನು ಎರಡು ಸುತ್ತು ಮೇಲೆ ಮಡಚಿ, ಕಂಬಿ ಹಿಡಿದು, ಮೊದಲನೆಯ ಮೆಟ್ಟಿಲು ಹತ್ತಿದರು. ಜಿಲೇಬಿ ಕೈಯಲ್ಲಿ ಹಿಡಿದು ನಾವೆಲ್ಲ ನೋಡುತ್ತ ನಿಂತೆವು.

ಅಂದಿನಿಂದ ಸಾಗರ ಛಾಯಾದಲ್ಲಿ ಹೊಸ ಕಷ್ಟ ಶುರುವಾಯಿತು. ಮೊಣಕಾಲಿನ ಕಾರಣ ಜಯಶೀಲಣ್ಣ ಪ್ರತಿ ಮಾಳಿಗೆಯಲ್ಲೂ ಕೂರಬೇಕು. ಕೂರಲು ಯಾರದ್ದಾದರೂ ಮನೆ ಬೇಕು. ಮನೆ ಎಂದ ಮೇಲೆ ಯಂತ್ರಗಳಿರುತ್ತವೆ. ಒಂದನೆಯ ಮಾಳಿಗೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿದರು. ಕಾಗದ ಸಲೀಸಾಗಿ ಬಂತು, ಅಂದರೆ ತಂಪು ಸೋರುತ್ತಿದೆ ಎಂದು ಆ ಮನೆಯವರು ಇಡೀ ವಾರ ತಲೆ ತಗ್ಗಿಸಿ ಓಡಾಡಿದರು. ಎರಡನೆಯ ಮಾಳಿಗೆಯಲ್ಲಿ ಇಸ್ತ್ರಿಪೆಟ್ಟಿಗೆ. ಮೂರರಲ್ಲಿ ಗೀಸರು, ಅದರ ಬಗ್ಗೆ ಮಾತಾಡುತ್ತ ಸ್ನಾನಕ್ಕೆ ಹೋದವರನ್ನು ಬಾಗಿಲು ತಟ್ಟಿ ಎಚ್ಚರಿಸಿದರು. ಹಾಲಿಗೆಂದು ಇಳಿದು ಒಮ್ಮೆ ಮೇಲೆ ಹತ್ತಲು ಎರಡೂಕಾಲು ಗಂಟೆ, ಐದು ಚಹಾ. ಸಂಜೆ ಪೇಟೆಗೆ ಹೋಗಿ ಬಂದರೆ ಮತ್ತೆ ಅಷ್ಟೇ. ಪೇಟೆಯ ತರಕಾರಿ ಮಾತ್ರ ಪೂವಪ್ಪನ ಕೈಯಲ್ಲಿ ಲಿಫ್ಟಿನಲ್ಲಿ ಮುಂದಾಗಿ ಹೋಗುತ್ತಿತ್ತು.

ಆರನೆಯ ಮಾಳಿಗೆ ಕೊನೆಯ ತಂಗುದಾಣವಾದ್ದರಿಂದ ದಾನಮ್ಮನ ಮನೆಯಲ್ಲಿ ನಲವತ್ತು ನಿಮಿಷ.

"ಕುಂದರ್ ಅವರ, ಒಂದು ಮಾಳಿಗಿ ಅಷ್ಟs ಉಳಿದೈತಿ. ಹದಿನೆಂಟು ಮೆಟ್ಲು. ಎತ್ತಿ ಬಿಟ್ಟು ಬರ್ಲೇನ್ರೀ?"

"ಇರಿ ದಾನಮ್ಮ, ನಿಮ್ಮ ಮಿಕ್ಸರು ಯಾಕೆ ಹೀಗೆ ಕೂಗ್ತದೆ?"

"ನೀವು ಬಂದೀರಂತ ಗೊತ್ತಾಗೈತಿ ಅದಕ್ಕ."

ಆದರೆ ಆಗಸ್ಟ್ ಕೊನೆಯಲ್ಲಿ ನಗು ನಿಂತಿತು. ಮೊಣಕಾಲು ಊದಿತು. ಕೂತಲ್ಲಿಂದ ಏಳಲು ಜಯಶೀಲಣ್ಣ ಗೋಡೆ ಹಿಡಿಯತೊಡಗಿದರು. ಮೂರನೆಯ ಮಾಳಿಗೆಯ ತಿರುವಿನಲ್ಲಿ ಒಂದು ಮಧ್ಯಾಹ್ನ ಅವರು ಯಾವ ಮನೆಯ ಬೆಲ್ಲೂ ಒತ್ತದೆ, ಯಾವ ಯಂತ್ರದ ಮಾತೂ ಆಡದೆ, ಕಣ್ಣು ಮುಚ್ಚಿ ಮೆಟ್ಟಿಲ ಮೇಲೆ ಕೂತದ್ದನ್ನು ವಾಸು ನೋಡಿದರು. ಲಿಫ್ಟ್ ತೆರೆದು ಕರೆದರು. ಜಯಶೀಲಣ್ಣ ಕಣ್ಣು ತೆರೆಯದೆ ಏಳನೆಯ ಠರಾವನ್ನು ಅಕ್ಷರಶಃ ಒಪ್ಪಿಸಿದರು.

ಅಂದೇ ಸಂಜೆ ದಾನಮ್ಮನ ಮನೆಯಲ್ಲಿ, ಜಯಶೀಲಣ್ಣ ಒಬ್ಬರನ್ನು ಬಿಟ್ಟು, ಉಳಿದವರೆಲ್ಲ ಸೇರಿದರು. ಅನುಷ್ಕಾ ಜೂನಿನ ವಿಷಯ ಬಿಚ್ಚಿ ಹೇಳಿದಳು. ವಿನೋದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವರು ಕಾಲು ಬಿಟ್ಟಾರು, ಅಂಕಿ ಬಿಡ್ಲಿಕ್ಕಿಲ್ಲ," ಎಂದರು.

"ಹಾಗಾದ್ರೆ ಮೀಟರ್ ಕೆಟ್ಟಿತ್ತು ಅಂತ ಬರೆಯುವಾ?" ಎಂದರು ವಾಸು.

"ಮೀಟರಿನ ಮೇಲೆ ಸುಳ್ಳು ಹೇಳಿದ್ರೆ ಬಾವ ಮೀಟರು ಬಿಚ್ಚಿ ತೋರಿಸ್ತಾರೆ," ಎಂದರು ಪೂವಪ್ಪ.

ದಾನಮ್ಮ ಚಹಾದ ತಟ್ಟೆ ಕೆಳಗಿಟ್ಟರು. "ಅವ್ರು ತಪ್ಪು ಒಪ್ಪಂಗಿಲ್ಲ ಅಂದ್ರ ನಾವs ಒಪ್ಪೋಣ್ರಿ. ನಮ್ಮಪ್ಪನ ಗಂಟೇನ್ ಹೋಗ್ತೈತಿ?"

ಮಾರನೆಯ ಸಂಜೆ ಜಯಶೀಲಣ್ಣ ಪೇಟೆಯಿಂದ ಬಂದು ಮೆಟ್ಟಿಲಿನ ಬುಡದ ಕುರ್ಚಿಯಲ್ಲಿ ದಮ್ಮು ತೆಗೆದುಕೊಳ್ಳುತ್ತಿದ್ದಾಗ ಎಲ್ಲರೂ ಸುತ್ತ ನಿಂತರು. ವಾಸು ಕಾಗದ ಬಿಡಿಸಿ ಓದಿದರು: "ಕಳೆದ ಜೂನ್ ತಿಂಗಳ ಎರಡನೆಯ ವಾರ ಸೊಸೈಟಿಯ ಸದಸ್ಯರಾದ ನಾವು, ದಕ್ಷತೆಯ ಮಾಪನ ನಡೆಯುತ್ತಿದೆ ಎಂಬ ಅರಿವಿದ್ದೂ, ಊರಿನಿಂದ ಮಿತಿಮೀರಿ ಅಕ್ಕಿ, ತೆಂಗಿನಕಾಯಿ ಮತ್ತು ಹಲಸು ತಂದು ಲಿಫ್ಟಿನಲ್ಲಿ ಸಾಗಿಸಿ, ಸರಿಯಾದ ಅಂಕಿಯೊಂದನ್ನು ದಾರಿ ತಪ್ಪಿಸಿದ್ದೇವೆ. ಇದು ಸಂಪೂರ್ಣವಾಗಿ ನಮ್ಮ ತಪ್ಪು. ಶ್ರೀ ಜಯಶೀಲ ಕುಂದರ್ ಅವರ ಕ್ಷಮೆ ಕೋರುತ್ತೇವೆ. ನಮ್ಮ ತಪ್ಪನ್ನು ಕಳೆದರೆ ಏರಿಕೆ ಹನ್ನೊಂದು. ಆದ್ದರಿಂದ ಏಳನೆಯ ಠರಾವು ಈಡೇರಿದೆ."

ಜಯಶೀಲಣ್ಣ ಕಾಗದ ತೆಗೆದುಕೊಂಡು ತಾವೇ ಇನ್ನೊಮ್ಮೆ ಓದಿದರು. ಕೆಳಗಿನ ಸಹಿಗಳನ್ನು ಎಣಿಸಿದರು. ಜೇಬಿನಿಂದ ಪೆನ್ನು ತೆಗೆದರು.

"ಇಪ್ಪತ್ತೇಳು ಮನೆಯ ಸಹಿ ಉಂಟು. ದಾನಮ್ಮಂದು ತೆಗೆಯಬೇಕು. ಅವರು ಕರಾವಳಿಯವರಲ್ಲ, ಅಕ್ಕಿಯೂ ತರಲಿಲ್ಲ, ಕಾಯಿಯೂ ತರಲಿಲ್ಲ. ಮಾಡದ ತಪ್ಪಿಗೆ ಯಾಕೆ ಸಹಿ?"

ಎಲ್ಲರ ಮುಖ ಬಾಡಿತು. ದಾನಮ್ಮ ಮುಂದೆ ಬಂದರು. "ನಂದೂ ಇರ್ಲಿ ಬಿಡ್ರೀ. ಊರಿಂದ ತಮ್ಮ ಬಂದಾಗ ಜ್ವಾಳದ ಮೂಟಿ ತಂದಿದ್ದ. ನಿಮ್ಮ ಬುಕ್ಕಿನ್ಯಾಗs ಐತಿ."

ಜಯಶೀಲಣ್ಣ ನೋಟ್‌ಬುಕ್ ತರಿಸಿ ಹುಡುಕಿದರು. ಜೂನ್ ಹನ್ನೊಂದು, ಜೋಳ, ಮೂವತ್ತು ಕಿಲೋ. ತಲೆಯಾಡಿಸಿದರು. "ಸರಿ. ತಪ್ಪಿತಸ್ಥರೇ." ಪೆನ್ನಿನ ಮುಚ್ಚಳ ಹಾಕಿ, ಸುತ್ತಲೂ ಒಮ್ಮೆ ದೊಡ್ಡ ಮನಸ್ಸಿನಿಂದ ನೋಡಿದರು. "ಆಗಿಹೋಯ್ತು, ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಮುಂದಿನ ವರ್ಷ ತರುವವರು ಒಂದು ವಾರ ಮೊದಲೇ ನನಗೆ ಲಿಖಿತ ಕೊಡಿ."

ವಾಸುವಿನ ಹೆಗಲು ಹಿಡಿದು ಎದ್ದು, ನಿಧಾನವಾಗಿ ಹೆಜ್ಜೆ ಹಾಕಿ, ಹದಿನೆಂಟು ದಿನಗಳ ಮೇಲೆ ಲಿಫ್ಟಿನೊಳಗೆ ಕಾಲಿಟ್ಟರು. ಯಾರೋ ಚಪ್ಪಾಳೆ ತಟ್ಟಿದರು. ಬಾಗಿಲು ಮುಚ್ಚಿತು.

ಮುಂದಿನದು ಅನುಷ್ಕಾ ಹೇಳಿದ್ದು. ಬಾಗಿಲು ತೆರೆದ ವಿನೋದಕ್ಕ ಏನೂ ತಿಳಿಯದವರಂತೆ, "ಎಂತ, ಇವತ್ತು ಬೇಗ? ಕೆಳಗಿನವರು ಯಾರೂ ಮನೆಯಲ್ಲಿಲ್ವಾ?" ಎಂದು ಕೇಳಿದರಂತೆ.

"ಎಲ್ಲರೂ ಸೇರಿ ತಪ್ಪೊಪ್ಪಿಕೊಂಡ್ರು," ಎಂದರಂತೆ ಜಯಶೀಲಣ್ಣ ಕುರ್ಚಿಗೆ ಒರಗುತ್ತ. "ಪಾಪ, ಅವರಿಗೂ ಸಂಕಟ ಆಗಿದ್ದಿರಬೇಕು. ನಾನೇ ಇನ್ನು ಎಳೆಯುವುದು ಬೇಡ ಅಂತ ಬಿಟ್ಟೆ."

"ಒಳ್ಳೆಯದು ಮಾಡಿದಿರಿ," ಎಂದು ವಿನೋದಕ್ಕ ಬಟ್ಟಲಲ್ಲಿ ಬಿಸಿ ಎಣ್ಣೆ ತಂದು ಅವರ ಕಾಲ ಬಳಿ ಕೂತರು. ಊದಿದ ಮೊಣಕಾಲಿನ ಮೇಲೆ ಸುರಿದು, ಹದಿನೆಂಟು ದಿನದ ಸಿಟ್ಟನ್ನೆಲ್ಲ ಹೆಬ್ಬೆರಳಿಗೆ ತಂದು, ಒತ್ತಿ ಒತ್ತಿ ತಿಕ್ಕತೊಡಗಿದರು. ಜಯಶೀಲಣ್ಣ ಕೂಗಿದ್ದು ಕೆಳಗೆ ಲಿಫ್ಟಿನ ಬಳಿ ನಿಂತಿದ್ದ ನಮಗೂ ಕೇಳಿಸಿತು.